ಕೋಳಿ, ಬಾತುಕೋಳಿ ಎರಡನ್ನೂ ಒಂದೇ ಗೂಡಲ್ಲಿ ಸಾಕಬಹುದಾ?

ಪ್ರಶ್ನೆ: ನಮ್ಮ ಹಿತ್ತಲಲ್ಲಿ ಹತ್ತು ನಾಟಿ ಕೋಳಿಗಳಿವೆ. ನಾಲ್ಕು ಬಾತುಕೋಳಿ ತರುವ ಆಸೆ. ಇರುವ ಗೂಡಿಗೇ ಬಿಟ್ಟರೆ ಜಗಳ ಆಡ್ತಾವಾ? ಬೇರೆ ಗೂಡು ಕಟ್ಟಲೇಬೇಕಾ?

ಉತ್ತರ: ಜಗಳದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಮೊದಮೊದಲು ಸ್ವಲ್ಪ ಕುಕ್ಕಾಟ ಇರುತ್ತದೆ, ಆಮೇಲೆ ತಮ್ಮ ಪಾಡಿಗೆ ಇರುತ್ತವೆ. ನಿಜವಾದ ತಕರಾರು ನೀರಿನದು.

ಬಾತು ತಿನ್ನುವ ರೀತಿಯೇ ಹಾಗೆ. ಒಂದು ಬಾಯಿ ಮೇವು, ಒಂದು ಬಾಯಿ ನೀರು. ಕೊಕ್ಕನ್ನು ಮೂಗಿನ ಹೊಳ್ಳೆ ಮುಳುಗುವಷ್ಟು ಅದ್ದಿ ತೊಳೆದುಕೊಳ್ಳಬೇಕು, ಇಲ್ಲದಿದ್ದರೆ ಹೊಳ್ಳೆ ಕಟ್ಟುತ್ತದೆ. ಈ ಓಡಾಟದಲ್ಲಿ ಅರ್ಧ ನೀರು ನೆಲಕ್ಕೆ. ಹಿಕ್ಕೆಯೂ ನೀರು ನೀರು. ಗೂಡಲ್ಲಿ ಹಾಸಿದ ಭತ್ತದ ಹೊಟ್ಟು ಬೇಗನೇ ಗೊಜ್ಜಾಗುತ್ತದೆ. ಬಾತಿಗೆ ಅದು ಅಷ್ಟಾಗಿ ತಟ್ಟದು, ಕೋಳಿಗೆ ತಟ್ಟುತ್ತದೆ. ಒದ್ದೆ ಹೊಟ್ಟಿನಿಂದ ಅಮೋನಿಯಾ ಎದ್ದು ಕಣ್ಣು ಉರಿಯುತ್ತದೆ. ಕಾಕ್ಸಿಡಿಯೋಸಿಸ್ ಅಂತಾರಲ್ಲ, ಆ ರಕ್ತಭೇದಿ ಹರಡುವುದೂ ಇಂಥ ಹಾಸಿನಲ್ಲೇ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಂತೂ ಕೇಳುವುದೇ ಬೇಡ.

ಹಾಗಾಗಿ ನನ್ನ ಸಲಹೆ: ಸೂರು ಒಂದೇ ಇರಲಿ, ಕೋಣೆ ಎರಡಿರಲಿ. ನೀರು ಮಾತ್ರ ಹೊರಗೇ.

ನಿಮ್ಮ ಲೆಕ್ಕಕ್ಕೆ 8 ಅಡಿ ಉದ್ದ, 6 ಅಡಿ ಅಗಲದ ಶೆಡ್ ಸಾಕು. ಹಗಲು ಹೊರಗೆ ಓಡಾಡುವ ಕೋಳಿಗೆ ತಲಾ 3 ಚದರ ಅಡಿ, ಬಾತಿಗೆ 4 ಅಡಿ ಅಂತ ಹಿಡಿದರೆ, 5 ಅಡಿ ಕೋಳಿಗೆ, ಮಿಕ್ಕ 3 ಅಡಿ ಬಾತಿಗೆ. ನಡುವೆ ಜಾಲರಿ. ಉದ್ದ ಪೂರ್ವ–ಪಶ್ಚಿಮಕ್ಕೆ ಇರಲಿ, ಬೆಳಗಿನ ಮತ್ತು ಸಂಜೆಯ ಬಿಸಿಲು ನೇರ ಒಳಗೆ ಹೊಡೆಯುವುದಿಲ್ಲ. ಮಾಡು ಗೋಡೆಯಿಂದ 3 ಅಡಿ ಹೊರಗೆ ಚಾಚಿರಲಿ, ಇರಚಲು ಒಳಗೆ ಬರಬಾರದು. ಜಾಗ ಉಳಿಸಲು ಕೆಲವರು ಮೇಲೆ ಕೋಳಿ, ಕೆಳಗೆ ಬಾತು ಅಂತ ಮಹಡಿ ಕಟ್ಟುತ್ತಾರೆ. ನನಗದು ಒಪ್ಪಿಗೆಯಿಲ್ಲ. ಮೇಲಿನ ಹಿಕ್ಕೆ ಕೆಳಗಿನವುಗಳ ಬೆನ್ನಿಗೆ ಬೀಳುತ್ತದೆ, ಗುಡಿಸಲೂ ಕಷ್ಟ.

ಕೋಳಿಗೆ ಕೂರಲು ಅಡ್ಡಕೋಲು ಬೇಕು, ಒಂದೊಂದಕ್ಕೆ 8–10 ಇಂಚು ಜಾಗ. ನಾಟಿ ಕೋಳಿ ಎಷ್ಟೆತ್ತರಕ್ಕೂ ಹಾರುತ್ತದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಗಿರಿರಾಜದಂಥ ಭಾರದ ತಳಿಗೆ 2 ಅಡಿ ಎತ್ತರ ಸಾಕು, ಮೇಲಿಂದ ಧುಮುಕಿದರೆ ಪಾದಕ್ಕೆ ಪೆಟ್ಟು. ಬಾತು ನೆಲದಲ್ಲೇ ಮಲಗುತ್ತದೆ, ಏಣಿ ಹತ್ತಲು ಅದಕ್ಕೆ ಬಾರದು. ಅದರ ಬಾಗಿಲು ನೆಲಮಟ್ಟದಲ್ಲಿರಲಿ, ಒಳಗೆ ದಪ್ಪಗೆ ಒಣ ಹುಲ್ಲು ಹಾಸಿ.

ಜಾಲರಿಯಲ್ಲಿ ಕಂಜೂಸಿ ಮಾಡಬೇಡಿ. ಅಂಗಡಿಯಲ್ಲಿ ‘ಚಿಕನ್ ಮೆಶ್’ ಅಂತ ಕೊಡುವ ಆರು ಮೂಲೆಯ ಕಣ್ಣಿನ ತೆಳು ಜಾಲರಿ ಕೋಳಿಯನ್ನು ಒಳಗೆ ಇಟ್ಟುಕೊಳ್ಳುತ್ತದೆ, ನಾಯಿಯನ್ನು ಹೊರಗೆ ಇಡುವುದಿಲ್ಲ. ಅರ್ಧ ಇಂಚಿನ ವೆಲ್ಡ್ ಮೆಶ್ ತನ್ನಿ. ಒಂದಡಿ ಮಣ್ಣಿನೊಳಗೂ ಹೂಳಿ, ಮುಂಗುಸಿ, ಹೆಗ್ಗಣ ತೋಡಿಕೊಂಡು ಬರುತ್ತವೆ.

ಇನ್ನು ದಿನಚರಿ. ಕತ್ತಲಾಗುವಾಗ ಕೋಳಿ ತಾನಾಗೇ ಗೂಡಿಗೆ ಬರುತ್ತದೆ, ಬಾತನ್ನು ಅಟ್ಟಿಕೊಂಡು ಬರಬೇಕು. ಬೆಳಿಗ್ಗೆ ಕೋಳಿಯನ್ನು ಬೇಗ ಬಿಡಿ, ಬಾತನ್ನು ಒಂಬತ್ತರವರೆಗೆ ಒಳಗೇ ಇಡಿ. ಬಾತು ಮೊಟ್ಟೆ ಇಡುವುದು ಹೆಚ್ಚಾಗಿ ಬೆಳಗಿನ ಜಾವ. ಬೇಗ ಬಿಟ್ಟರೆ ಮೊಟ್ಟೆ ಪೊದೆಯಲ್ಲೋ ಕೆಸರಲ್ಲೋ ಹುಡುಕಬೇಕು. ರಾತ್ರಿ ಒಳಗೆ ನೀರಿಡದಿದ್ದರೆ ಮೇವನ್ನೂ ಇಡಬೇಡಿ, ನೀರಿಲ್ಲದೆ ಒಣ ಮೇವು ಬಾತಿನ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಬೂಸ್ಟು ಹಿಡಿದ ಜೋಳ, ಶೇಂಗಾ ಹಿಂಡಿಯನ್ನು ಯಾವುದಕ್ಕೂ ಹಾಕಬಾರದು. ಅದರ ಅಫ್ಲಾಟಾಕ್ಸಿನ್ ವಿಷ ಕೋಳಿಗಿಂತ ಬಾತುಮರಿಗೆ ಬೇಗ ಏರುತ್ತದೆ.

ನೀರಿನ ಟಬ್ಬನ್ನು ಗೂಡಿನಿಂದ ದೂರ, ಬಾಳೆ ಬುಡದ ಹತ್ತಿರ ಇಡಿ. ಕೊಳೆ ನೀರು ಅಲ್ಲಿಗೇ ಚೆಲ್ಲಬಹುದು. ಕೋಳಿಗೆ ಬೇರೆ ಪಾತ್ರೆ. ಕೆರೆಗೆ ಬಿಡುವ ಯೋಚನೆ ಇದ್ದರೆ, ವಲಸೆ ಹಕ್ಕಿ ಬರುವ ಕೆರೆ ಬೇಡ. ಹಕ್ಕಿಜ್ವರ ತಗುಲಿದ ಬಾತು ಎಷ್ಟೋ ಸಲ ಆರೋಗ್ಯವಾಗೇ ಕಾಣುತ್ತದೆ, ಅದರಿಂದ ಕೋಳಿಗೆ ಬಂದರೆ ಗೂಡೇ ಖಾಲಿ. ಕೊಕ್ಕರೆ ರೋಗದ (ರಾಣಿಖೇತ್ ಅಂತಾರಲ್ಲ, ಕೋಳಿಗಳಲ್ಲಿ ಹರಡುವ ಆ ಕಾಯಿಲೆ) ಲಸಿಕೆ ನಿಮ್ಮ ಕೋಳಿಗಳಿಗೆ ಆಗಿಲ್ಲದಿದ್ದರೆ ಬಾತು ತರುವ ಮೊದಲೇ ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿ ಹಾಕಿಸಿ.

ಕೊನೆಗೊಂದು ಮಾತು, ಖರೀದಿ ಬಗ್ಗೆ. ನಾಲ್ಕರಲ್ಲಿ ಎರಡು ಗಂಡು ಬಂದರೆ ತೊಂದರೆ. ಹೆಣ್ಣು ಬಾತು ಸಾಲದಾದಾಗ ಗಂಡು ಬಾತು ಹೇಂಟೆಗಳ ಮೇಲೆ ಏರುತ್ತದೆ, ಅವುಗಳಿಗೆ ಒಳಗೇ ಗಾಯವಾಗುತ್ತದೆ. ಮರಿ ಬೇಕಿದ್ದರೆ ಒಂದು ಗಂಡು ಸಾಕು. ಬರೀ ಮೊಟ್ಟೆಗಾದರೆ ಅದೂ ಬೇಡ. ಬೆಳೆದ ಬಾತಿನಲ್ಲಿ ಗುರುತು ಸುಲಭ: ಬಾಲದ ಮೇಲೆ ಸುರುಳಿ ಗರಿ, ಗೊಗ್ಗರು ದನಿ ಇದ್ದರೆ ಗಂಡು. ಗಟ್ಟಿಯಾಗಿ ಕ್ವಾಕ್ ಅಂತ ಕೂಗಿ ಬೀದಿ ಎಬ್ಬಿಸುವುದು ಹೆಣ್ಣು.