ಪದ ಪರಿಚಯ: ಸಾರ್ವಜನಿಕ ಕಲೆ

ಟಿಕೆಟ್ಟು, ಬಾಗಿಲು, ಕಾವಲುಗಾರ ಯಾವುದೂ ಇಲ್ಲದ ಕಡೆ, ಊರ ಜನ ದಿನಾ ಓಡಾಡುವ ದಾರಿಯಲ್ಲಿ ಎದುರಾಗುವ ಕಲಾಕೃತಿಗೆ ಸಾರ್ವಜನಿಕ ಕಲೆ ಎನ್ನುತ್ತಾರೆ. ವೃತ್ತದ ಪ್ರತಿಮೆ, ಪಾರ್ಕಿನ ಕಾಂಕ್ರೀಟ್ ಶಿಲ್ಪ, ಕ್ಲಬ್ಬಿನವರು ಗೋಡೆಗೆ ಬರೆಸಿದ ಚಿತ್ರ ಎಲ್ಲವೂ ಇದರೊಳಗೆ ಬರುತ್ತವೆ. ಗ್ಯಾಲರಿಗೆ ಹೋಗುವವರು ನೋಡಬೇಕೆಂದೇ ಹೋಗುತ್ತಾರೆ. ಇದಾದರೋ ಮೀನು ತರಲು ಹೊರಟವರಿಗೂ ಶಾಲೆ ಬಿಟ್ಟು ಬರುವ ಮಕ್ಕಳಿಗೂ ಕೇಳದೆಯೇ ಎದುರು ನಿಲ್ಲುತ್ತದೆ. ಹಾಗೆ ನಿಂತಿತೆಂದರೆ ಅದನ್ನು ಹೊಗಳಲು, ಬೈಯಲು, ಅದಕ್ಕೆ ಹಾರ ಹಾಕಲು ಎಲ್ಲರಿಗೂ ಹಕ್ಕು ಬಂದಂತೆ. ನನ್ನ ಮಟ್ಟಿಗೆ ಈ ಪದದ ಜೀವ ಇರುವುದೇ ಆ ಹಕ್ಕಿನಲ್ಲಿ.

ಇದನ್ನು ತಿಳಿಯಲು ಕಾಸರಗೋಡಿನವರು ದೂರ ಹೋಗಬೇಕಾಗಿಲ್ಲ. ಕೇರಳದ ಅತಿ ಹೆಸರಾದ ಬಯಲು ಶಿಲ್ಪಗಳನ್ನು ಮಾಡಿದ ಕಾನಾಯಿ ಕುಂಞಿರಾಮನ್ ನಮ್ಮ ಜಿಲ್ಲೆಯ ಚೆರುವತ್ತೂರಿನ ಕಡೆಯವರು. ಮದ್ರಾಸಿನ ಕಲಾಶಾಲೆಯಲ್ಲೂ ಆಮೇಲೆ ಲಂಡನ್ನಿನ ಸ್ಲೇಡ್ ಶಾಲೆಯಲ್ಲೂ ಕಲಿತವರು. ಪಾಲಕ್ಕಾಡಿನ ಮಲಂಪುಳ ಅಣೆಕಟ್ಟಿನ ಉದ್ಯಾನದಲ್ಲಿ 1969ರಲ್ಲಿ ಅವರು ಮುಗಿಸಿದ ‘ಯಕ್ಷಿ’ ಸುಮಾರು 30 ಅಡಿಯ ಬೆತ್ತಲೆ ಹೆಣ್ಣು. ಕಾಲು ಚಾಚಿ, ಕೈಯೆತ್ತಿ ಕೂದಲಿಗೆ ಬೆರಳಿಟ್ಟು, ಮುಖ ಮೇಲಕ್ಕೆ ಮಾಡಿ ಕೂತಿದ್ದಾಳೆ. ಕೆಲಸ ನಡೆಯುವಾಗಲೇ ಇದು ಅಶ್ಲೀಲ ಎಂದು ದೊಡ್ಡ ಗಲಾಟೆ ಎದ್ದಿತ್ತು. ಈಗ ಅದೇ ಯಕ್ಷಿಯ ಮುಂದೆ ಸಂಸಾರ ಸಮೇತ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಶಿಲ್ಪ ಒಂದಿಷ್ಟೂ ಬದಲಾಗಿಲ್ಲ. ಐವತ್ತು ವರ್ಷ ಎದುರಿಗೇ ಇದ್ದದ್ದರಿಂದ ನೋಡುವ ಕಣ್ಣು ಪಳಗಿತು. ಮುಚ್ಚಿದ ಕೋಣೆಯಲ್ಲಿಟ್ಟಿದ್ದರೆ ಆ ಜಗಳವೂ ಇರುತ್ತಿರಲಿಲ್ಲ, ಈ ಸಲಿಗೆಯೂ ಬರುತ್ತಿರಲಿಲ್ಲ.

ತಿರುವನಂತಪುರದ ಶಂಖುಮುಖಂ ಕಡಲ ಬದಿಯಲ್ಲಿ ಮಲಗಿರುವ ‘ಸಾಗರಕನ್ಯಕ’ ಕೂಡ ಅವರದೇ. ಅದರ ಪಕ್ಕದಲ್ಲೇ ಪ್ರವಾಸಿಗರಿಗೆಂದು ಹಳೆಯ ಹೆಲಿಕಾಪ್ಟರೊಂದನ್ನು ತಂದಿಟ್ಟಾಗ ಕಾನಾಯಿಯವರು ಬಹಿರಂಗವಾಗಿಯೇ ಆಕ್ಷೇಪಿಸಿದರು. ಅವರು ಹೇಳಿದ್ದು ಸರಿ. ಬಯಲು ಶಿಲ್ಪಕ್ಕೆ ಸುತ್ತಲಿನ ಜಾಗವೂ ಮೈಯ ಒಂದು ಭಾಗ. ಕಡಲು, ಮರಳು, ಖಾಲಿ ಆಕಾಶ ಇಟ್ಟುಕೊಂಡು ಅಳತೆ ಹಾಕಿದ ಕೆಲಸದ ಮಗ್ಗುಲಿಗೆ ಇನ್ನೊಂದು ದೊಡ್ಡ ವಸ್ತು ಬಂದರೆ ಆ ಅಳತೆಯೇ ಕೆಡುತ್ತದೆ.

ಕಾಸರಗೋಡಿನ ವಿದ್ಯಾನಗರದಲ್ಲಿ, ಜಿಲ್ಲಾ ಪಂಚಾಯತ್ ಆವರಣದಲ್ಲಿ, ಎಂಡೋಸಲ್ಫಾನ್ ಎಂಬ ಕೀಟನಾಶಕದ ಸಂತ್ರಸ್ತರ ನೆನಪಿಗೆ ಅವರು ಕೈಗೆತ್ತಿಕೊಂಡ ತಾಯಿ ಮತ್ತು ಮಗುವಿನ ಶಿಲ್ಪವಿದೆ. ವರ್ಷಗಟ್ಟಲೆ ನಿಂತು ನಿಂತು ಸಾಗಿದ ಕೆಲಸ ಅದು. ಇಲ್ಲಿನ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಆ ವಿಷ ಸಿಂಪಡಿಸಿದ್ದರು. ಎಣ್ಮಕಜೆ, ಪಡ್ರೆ, ಮುಳಿಯಾರಿನ ಮನೆಗಳಲ್ಲಿ ಅದರ ಲೆಕ್ಕ ಇನ್ನೂ ಮುಗಿದಿಲ್ಲ. ಸುಪ್ರೀಂ ಕೋರ್ಟು ದೇಶಕ್ಕೇ ನಿಷೇಧ ಹೇರಿದ್ದು 2011ರಲ್ಲಿ. ಶಿಲ್ಪವನ್ನು ಕಡಲ ತೀರದಲ್ಲೋ ಕೋಟೆಯ ಬಳಿಯೋ ಇಡದೆ ಇಲ್ಲಿ ಇಟ್ಟದ್ದಕ್ಕೆ ಅರ್ಥವಿದೆ: ಪಿಂಚಣಿ, ಚಿಕಿತ್ಸೆ, ನೆರವು ಎಂದು ಅರ್ಜಿ ಹಿಡಿದು ಜನ ಬಂದು ಹೋಗುವುದು ಈ ಕಚೇರಿಗಳ ಸುತ್ತಲೇ. ಅರ್ಜಿ ಕೊಡುವವರೂ ಅದಕ್ಕೆ ಸಹಿ ಹಾಕುವವರೂ ಆ ತಾಯಿಯನ್ನು ಹಾದೇ ಹೋಗಬೇಕು.

ಊರು ಸುತ್ತುವವರ ಕಣ್ಣಿಗೆ ಬೀಳುವುದೆಲ್ಲ ಕಲೆಯಲ್ಲ, ಬಿಡಿ. ಮಧೂರು ದೇವಸ್ಥಾನಕ್ಕೆ ಹೋದವರಿಗೆ ಒಂದು ಕಚ್ಚಿನ ಗುರುತು ತೋರಿಸುತ್ತಾ ಬಂದಿದ್ದಾರೆ. ಟಿಪ್ಪುವಿನ ಸೈನ್ಯ ಬಂದಾಗ ಬಿದ್ದ ಖಡ್ಗದ ಏಟು ಅದು, ಬಾವಿಯ ನೀರು ಕುಡಿದ ಮೇಲೆ ಮನಸ್ಸು ಬದಲಾಗಿ ಟಿಪ್ಪು ಹಾಗೇ ಹಿಂದಿರುಗಿದ ಎಂಬುದು ಐತಿಹ್ಯ. ಆನೆಯ ಬೆನ್ನಿನ ಹಾಗೆ ದುಂಡಗಿರುವ ಆ ಕಟ್ಟಡದ ಅಂದವನ್ನು ಮರೆತು ಮಕ್ಕಳು ಮೊದಲು ಹುಡುಕುವುದು ಆ ಕಚ್ಚನ್ನೇ. ಗುರುತು ಮಾಡಿದ್ದು ಯಾರೇ ಇರಲಿ, ಕತೆ ಕಟ್ಟಿ ಕಾಪಾಡಿದ್ದು ಊರು. ಸಾರ್ವಜನಿಕ ಕಲೆಯ ಅಂಚಿಗೆ ಇಂಥವನ್ನೂ ಸೇರಿಸಿಕೊಳ್ಳಬೇಕು ಎಂಬುದು ನನ್ನ ವಾದ.

ಇನ್ನೊಂದು ಬಗೆ ಕೆಲವೇ ವಾರ ಬಾಳುವಂಥದ್ದು. ವಿಶ್ವಕಪ್ ಬಂತೆಂದರೆ ಮೊಗ್ರಾಲಿನಂಥ ಫುಟ್‌ಬಾಲ್ ಊರುಗಳಲ್ಲಿ ಕಂಬಗಳಿಗೆ ಬ್ರೆಜಿಲ್, ಅರ್ಜೆಂಟೀನಾ ಬಾವುಟ, ಗೋಡೆಗೆ ನೀಲಿ ಬಿಳಿ ಪಟ್ಟೆ. ಫೈನಲ್ ಮುಗಿದ ಮೇಲೆ ಮಳೆಗೆ ಬಣ್ಣ ಇಳಿಯುತ್ತದೆ.

ನಮ್ಮ ಜಿಲ್ಲೆಯ ಹೆದ್ದಾರಿ ಆರು ಪಥವಾಗುವಾಗ ರಸ್ತೆ ಬದಿಯ ಎಷ್ಟೋ ಹಳೆಯ ಬಸ್ ತಂಗುದಾಣಗಳು, ಅವುಗಳ ಮೇಲಿದ್ದ ಹೆಸರುಗಳು, ಚಿತ್ರಗಳು ಹೋದವು. ತೀರಿಹೋದ ಗೆಳೆಯನ ನೆನಪಿಗೆಂದು ಕ್ಲಬ್ಬಿನವರು ದುಡ್ಡು ಕೂಡಿಸಿ ಕಟ್ಟಿದವು ಅವುಗಳಲ್ಲಿದ್ದವು. ಪರಿಹಾರದ ಪಟ್ಟಿಯಲ್ಲಿ ಗೋಡೆಗೆ ಬೆಲೆ ಉಂಟು, ಗೋಡೆಯ ಮೇಲಿನ ಚಿತ್ರಕ್ಕೆ ಇಲ್ಲ. ಇದು ನನ್ನನ್ನು ನಿಜಕ್ಕೂ ನೋಯಿಸುತ್ತದೆ.

ಹೆಸರಿರುವ ಕಲಾವಿದರಿಗಾದರೆ ಕಾನೂನಿನ ಆಸರೆ ಸ್ವಲ್ಪ ಇದೆ. ದೆಹಲಿಯ ವಿಜ್ಞಾನ ಭವನಕ್ಕೆ ಅಮರನಾಥ್ ಸೆಹಗಲ್ ಮಾಡಿಕೊಟ್ಟ ದೊಡ್ಡ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಗೋದಾಮಿಗೆ ಹಾಕಿದ್ದರು. ಅವರು ಕೋರ್ಟಿಗೆ ಹೋದರು. ಕೃತಿ ಸರಕಾರದ್ದಾದರೂ ಅದನ್ನು ಹಾಳುಗೆಡಹುವಂತಿಲ್ಲ ಎಂದ ದೆಹಲಿ ಹೈಕೋರ್ಟು, ಉಳಿದ ಭಾಗಗಳನ್ನು ಹಿಂದಿರುಗಿಸಿ 5 ಲಕ್ಷ ರೂಪಾಯಿ ಕೊಡಬೇಕೆಂದು 2005ರಲ್ಲಿ ತೀರ್ಪಿತ್ತಿತು.

ಫೋಟೊ ತೆಗೆಯುವವರೂ ಒಂದು ವಿಷಯ ತಿಳಿದಿರಬೇಕು. ಸಾರ್ವಜನಿಕ ಜಾಗದಲ್ಲಿ ಕಾಯಂ ಆಗಿ ನಿಂತ ಶಿಲ್ಪದ ಫೋಟೊ ಪ್ರಕಟಿಸುವುದಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಅಡ್ಡಿ ಮಾಡುವುದಿಲ್ಲ. ಆದರೆ ಆ ವಿನಾಯಿತಿಯಲ್ಲಿ ಗೋಡೆ ಚಿತ್ರಗಳ ಮಾತಿಲ್ಲ. ಪ್ರಕಟಿಸುವ ಮುಂಚೆ ಬರೆದವರನ್ನು ಕೇಳುವುದು ಒಳ್ಳೆಯದು. ನಮ್ಮ ಕಡೆ ಅದೇನೂ ಕಷ್ಟದ ಕೆಲಸವಲ್ಲ: ಚಿತ್ರದ ಕೆಳಮೂಲೆಯಲ್ಲಿ ಪೈಂಟರ್ ಹೆಸರೂ ಮೊಬೈಲ್ ನಂಬರೂ ಹೆಚ್ಚಾಗಿ ಇದ್ದೇ ಇರುತ್ತದೆ.