ದ್ವೀಪದ ಆ ಕಲ್ಲುಕಂಬಗಳನ್ನು ಕಡೆದವರು ಯಾರು?

ಮಲ್ಪೆಗೆ ಹೋಗಿ ಬಂದ ನಮ್ಮ ಕಲಬುರಗಿ ಮಂದಿ ಹೆಚ್ಚಾಗಿ ಕೇಳುವ ಪ್ರಶ್ನೆ ಇದು: "ಸೇಂಟ್ ಮೇರೀಸ್ ದ್ವೀಪದಾಗ ಕಲ್ಲಿನ ಕಂಬ ಸಾಲಾಗಿ ನಿಂತಾವಲ್ರಿ, ಅವನ್ನ ಯಾರು ಕಡದಾರ? ಮೊದಲ ಅಲ್ಲಿ ಗುಡಿ ಇತ್ತೇನು?"

ಗುಡಿಯೂ ಇರಲಿಲ್ಲ, ಕಡೆದವರೂ ಇಲ್ಲ. ಆದರೂ ಸಂಶಯ ಬರೋದು ಸಹಜ. ಐದು, ಆರು, ಏಳು ಮೂಲೆಯ ಕಂಬಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಉಳಿ ಹಿಡಿದವರ ಕೆಲಸ ಅನಿಸುವಷ್ಟು ನೇರ.

ಉತ್ತರ ಹುಡುಕಲು ಸಮುದ್ರದ ತನಕ ಹೋಗಬೇಕಿಲ್ಲ. ಏಪ್ರಿಲ್‌ನಲ್ಲಿ ನಿಮ್ಮ ಎರೆ ಹೊಲಕ್ಕೆ ಹೋಗಿ. ತೊಗರಿ ರಾಶಿ ಮುಗಿದು ಹೊಲ ಖಾಲಿ ಬಿದ್ದಿರುತ್ತದೆ, ಮಣ್ಣು ಬಾಯಿ ಬಿಟ್ಟಿರುತ್ತದೆ. ಒಂದೊಂದು ಬಿರುಕು ಮೊಣಕೈ ಇಳಿಯುವಷ್ಟು ಆಳ. (ಚೇಳಿನ ಜಾಗ, ಸುಮ್ನೆ ಕೈ ಹಾಕಬೇಡಿ.) ನೀರು ಆರಿದಾಗ ಮಣ್ಣು ಕುಗ್ಗುತ್ತದೆ. ಎಲ್ಲ ಕಡೆಯಿಂದ ಎಳೆದಾಟ ಶುರುವಾಗಿ, ತಡೆಯಲಾರದೆ ತುಂಡು ತುಂಡಾಗುತ್ತದೆ.

ದ್ವೀಪದಲ್ಲೂ ಆಗಿದ್ದು ಇದೇ. ಅಲ್ಲಿ ಆರಿದ್ದು ನೀರಲ್ಲ, ಕಾವು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಭಾರತ ಮತ್ತು ಮಡಗಾಸ್ಕರ್ ಒಂದರಿಂದೊಂದು ಬೇರೆಯಾಗುತ್ತಿದ್ದ ಕಾಲದಲ್ಲಿ ಅಲ್ಲಿ ಲಾವಾ ಉಕ್ಕಿತು. ಹೊರಮೈ ಮೊದಲು ಆರಿತು, ಒಡೆಯಿತು. ಒಳಗೆ ತಣಿದಂತೆಲ್ಲ ಬಿರುಕುಗಳು ಸ್ವಲ್ಪ ಸ್ವಲ್ಪವೇ ಮುಂದೆ ಸಾಗಿದವು, ಸಾಗುತ್ತಾ ತಮ್ಮನ್ನು ತಾವೇ ತಿದ್ದಿಕೊಂಡವು. ಮೂರು ಬಿರುಕು ಸಮನಾಗಿ ಒಂದು ಬಿಂದುವಿನಲ್ಲಿ ಕೂಡಿದರೆ ಬಿಗಿತ ಚೆನ್ನಾಗಿ ಸಡಿಲುತ್ತದೆ. ಪ್ರತಿ ಮೂಲೆಯಲ್ಲೂ ಹೀಗೇ ಕೂಡಿದರೆ ಜೇನುಗೂಡಿನ ಹಾಗೆ ಆರು ಮೂಲೆ ಬರುತ್ತದೆ. ಹೊಲದ ಮಣ್ಣಿಗೆ ಅಷ್ಟು ಪುರುಸೊತ್ತು ಸಿಗೋದಿಲ್ಲ, ಜೂನ್ ಮಳೆ ಬಂದು ಎಲ್ಲ ಮುಚ್ಚಿಬಿಡುತ್ತದೆ.

ಹಾಗಾದರೆ ಕಲಬುರಗಿ, ಬೀದರ್ ಕಡೆಯ ಕರಿಕಲ್ಲೂ ಅದೇ ಲಾವಾನಾ? ಅಲ್ಲ. ನಮ್ಮದು ದಖ್ಖನ್ನಿನ ಬಸಾಲ್ಟ್ (ಲಾವಾ ಆರಿ ಆದ ಕರಿಕಲ್ಲು), ಸುಮಾರು 6.6 ಕೋಟಿ ವರ್ಷದ್ದು. ವಯಸ್ಸಿನಲ್ಲಿ ದ್ವೀಪದ ಕಲ್ಲೇ ಹಿರಿಯ. ಅದನ್ನೂ ರೂಢಿಯಲ್ಲಿ ಬಸಾಲ್ಟ್ ಅನ್ನುತ್ತಾರೆ, ಆದರೆ ಅದರಲ್ಲಿ ಸಿಲಿಕಾ (ಮರಳಿನಲ್ಲಿ ಹೆಚ್ಚಾಗಿರುವ ಅಂಶ) ಜಾಸ್ತಿ, ಜಾತಿಯೇ ಬೇರೆ. ಇನ್ನು ನಮ್ಮ ಎರೆ ಮಣ್ಣು ಈ ಬಸಾಲ್ಟ್ ಸವೆದು ಪುಡಿಯಾಗಿ ಆದದ್ದು. ಅಂದರೆ ನಾವು ಜೋಳ ಬಿತ್ತುವುದು ಹಳೇ ಲಾವಾದ ಮೇಲೆಯೇ. ಯಾದಗಿರಿ ಕೋಟೆ ಬೆಟ್ಟದ ಗ್ರಾನೈಟ್ ಈ ಎರಡಕ್ಕಿಂತಲೂ ತೀರಾ ಹಳೆಯದು. ಅದರ ಕಥೆ ಬೇರೆಯೇ.

ದ್ವೀಪಕ್ಕೆ ಹೋದವರು ಕಂಬದ ಮೇಲೆ ಹತ್ತಿ ಫೋಟೊ ತೆಗೆಸಿಕೊಂಡು ಇಳಿದುಬಿಡುತ್ತಾರೆ. ನನ್ನ ಕೇಳಿದರೆ ನೋಡಬೇಕಾದ್ದು ಬುಡದಲ್ಲಿದೆ. ಸಮುದ್ರದ ಇಳಿತದ ಹೊತ್ತಿಗೆ ಕಂಬಗಳ ಸಂದಿಯಲ್ಲಿ ನೀರು ನಿಲ್ಲುತ್ತದೆ. ಅಲ್ಲಿ ಐದು ನಿಮಿಷ ಅಲುಗಾಡದೆ ಕೂತರೆ ಏಡಿಗಳು ಒಂದೊಂದಾಗಿ ಹೊರಬರುತ್ತವೆ. ನೆರಳು ಬಿದ್ದರೆ ಸಾಕು, ಮಾಯ. ತಲೆಯ ಮೇಲೆ ಕೆಂಗಂದು ರೆಕ್ಕೆ, ಬಿಳಿ ತಲೆಯ ಗರುಡ ಸುತ್ತು ಹಾಕುತ್ತಿರುತ್ತದೆ. ಕಲ್ಲಿಗೆ ಅಂಟಿದ ಬಿಳಿ ಹರಳಿನಂಥವು ಬಾರ್ನಕಲ್. ಅವೂ ಜೀವಿಗಳೇ. ಬರಿಗಾಲಲ್ಲಿ ತುಳಿದರೆ ಬ್ಲೇಡಿನ ಹಾಗೆ ಕೊಯ್ಯುತ್ತವೆ, ನನ್ನ ಹಿಮ್ಮಡಿಗೆ ಚೆನ್ನಾಗಿ ಗೊತ್ತು.

ಅಲ್ಲಿ ಮರಳಿಗಿಂತ ಚಿಪ್ಪೇ ಹೆಚ್ಚು. ನಮ್ಮ ಜೊತೆ ಬಂದಿದ್ದ ಹುಡುಗನೊಬ್ಬ ಚಂದದ್ದೊಂದು ಶಂಖ ಆರಿಸಿ ಜೇಬಿಗೆ ಹಾಕಿಕೊಂಡ. ದೋಣಿ ಹತ್ತುವಾಗ ಜೇಬಿನಲ್ಲಿ ಏನೋ ಹರಿದಾಡಿತು. ಖಾಲಿ ಶಂಖದಲ್ಲಿ ಮನೆ ಮಾಡುವ ಏಡಿ! ಹುಡುಗ ಚೀರಿ ಕೆಳಗೆ ಬಿಟ್ಟ. ಅದು ಮನೆ ಹೊತ್ತುಕೊಂಡೇ ಎರಡು ಕಂಬಗಳ ನಡುವೆ ನುಸುಳಿ ಹೋಯಿತು.