ಒಂದು ಬಾಟಲಿ ಸಮುದ್ರದ ನೀರಿನಲ್ಲಿ ವೈರಸ್ ಸಿಗುತ್ತಾ?

ರಜೆಗೆ ಕರಾವಳಿಗೆ ಹೋಗಿದ್ದ ಕೊಪ್ಪಳದ ನಮ್ಮ ಓಣಿಯವರೊಬ್ಬರು ವಾಪಸ್ ಬಂದವರೇ ಒಂದು ಬಾಟಲಿ ಸಮುದ್ರದ ನೀರನ್ನು ನನ್ನ ಲ್ಯಾಬಿನ ಟೇಬಲ್ ಮೇಲಿಟ್ಟರು. ಬೀಚಿನಲ್ಲಿ ಆಡಿದ ಎರಡನೇ ದಿನಕ್ಕೇ ಅವರ ಇಬ್ಬರು ಮಕ್ಕಳಿಗೂ ವಾಂತಿ-ಭೇದಿ ಶುರುವಾಗಿತ್ತು. "ಅಕ್ಕಾರ, ಇದರಾಗ ವೈರಸ್ ಅದಾವೇನು ನೋಡಿ ಹೇಳ್ರಿ" ಅಂದರು. ಆಗಲ್ಲ ಅಂದೆ. ಅವರಿಗೆ ಬೇಜಾರಾಯಿತು.

ನಮ್ಮಂಥ ಲ್ಯಾಬಿನಲ್ಲಿ ನೀರು ಪರೀಕ್ಷೆ ಅಂದರೆ ಬ್ಯಾಕ್ಟೀರಿಯಾ ನೋಡುವುದು. ಕೋಲಿಫಾರ್ಮ್ ಎಂಬ ಗುಂಪಿನ ಬ್ಯಾಕ್ಟೀರಿಯಾ ಜಾಸ್ತಿ ಇದ್ದರೆ ಮಲ ಬೆರೆತಿದೆ ಅಂತ ಲೆಕ್ಕ. ಸಮುದ್ರಸ್ನಾನಕ್ಕೆ ನಮ್ಮ ದೇಶದ ಮಿತಿ 100 ಮಿಲಿ ಲೀಟರಿಗೆ 100 ಮಲ ಕೋಲಿಫಾರ್ಮ್. 2020ರಲ್ಲಿ ಪಡುಬಿದ್ರಿ, ಕಾಸರಕೋಡು ಬೀಚುಗಳಿಗೆ ಸಿಕ್ಕಿತಲ್ಲ, ಸ್ವಚ್ಛ ಬೀಚುಗಳಿಗೆ ಕೊಡುವ ಆ ಬ್ಲೂ ಫ್ಲ್ಯಾಗ್ ಮಾನ್ಯತೆಗೂ ಎಣಿಸುವುದು ಇ. ಕೋಲಿ, ಎಂಟರೊಕಾಕೈ ಎಂಬ ಬ್ಯಾಕ್ಟೀರಿಯಾಗಳನ್ನೇ. ಯುರೋಪಿನ 1976ರ ನಿಯಮದಲ್ಲಿ 10 ಲೀಟರ್ ನೀರಿನಲ್ಲಿ ಒಂದೂ ಎಂಟರೊವೈರಸ್ (ಕರುಳಿನಲ್ಲಿ ಬೆಳೆಯುವ ಒಂದು ಬಗೆಯ ವೈರಸ್) ಇರಬಾರದು ಅಂತಿತ್ತು, 2006ರ ಹೊಸ ನಿಯಮದಲ್ಲಿ ಅದನ್ನು ಕೈಬಿಟ್ಟರು. ನನ್ನನ್ನು ಕಾಡುವುದು ಇದೇ. ಬಿಸಿಲು, ಉಪ್ಪಿಗೆ ಈ ಬ್ಯಾಕ್ಟೀರಿಯಾಗಳು ಬೇಗ ಸಾಯುತ್ತವೆ, ಕರುಳಿನ ವೈರಸ್‌ಗಳು ಅವಕ್ಕಿಂತ ಜಾಸ್ತಿ ದಿನ ತಡೆದುಕೊಳ್ಳುತ್ತವೆ. ಹಾಗಾಗಿ ಬ್ಯಾಕ್ಟೀರಿಯಾ ಪರೀಕ್ಷೆಯಲ್ಲಿ ಪಾಸಾದ ನೀರಿನಲ್ಲೂ ವಾಂತಿ-ಭೇದಿ ತರುವ ನೊರೊವೈರಸ್ ಇರಬಹುದು, ಅದರ ಹತ್ತಾರು ಕಣ ಹೊಟ್ಟೆಗೆ ಹೋದರೂ ಕಾಯಿಲೆ ಬರಬಹುದು.

ಹಾಗಾದರೆ ವೈರಸ್ಸನ್ನೇ ಹುಡುಕಬಹುದಲ್ವಾ? ಹುಡುಕಬಹುದು, ಆದರೆ ಸಮುದ್ರದಷ್ಟು ನೀರಿನಲ್ಲಿ ಅವು ಅಲ್ಲೊಂದು ಇಲ್ಲೊಂದು ಇರುತ್ತವೆ, ಒಂದು ಬಾಟಲಿ ಸಾಲುವುದಿಲ್ಲ. ಸಾಮಾನ್ಯವಾಗಿ 10 ಲೀಟರ್ ತೆಗೆದು, ಗಾಜಿನ ಉಣ್ಣೆಯಂಥ ಫಿಲ್ಟರಿನಲ್ಲಿ ಹಾಯಿಸಿ, ಅಂಟಿಕೊಂಡ ವೈರಸ್‌ಗಳನ್ನು ಕ್ಷಾರೀಯ ಮಾಂಸಸಾರದಲ್ಲಿ ಬಿಡಿಸಿಕೊಂಡು, ಆಮೇಲೆ ಆಮ್ಲ ಹಾಕಿ ಪ್ರೋಟೀನ್ ಒಡೆದ ಹಾಲಿನ ಹಾಗೆ ಗಡ್ಡೆ ಕಟ್ಟಿದಾಗ ಅದರ ಜೊತೆ ತಳಕ್ಕಿಳಿಸಿ, ಕೆಲವೇ ಮಿಲಿ ಲೀಟರಿಗೆ ತರಬೇಕು. ಪ್ರತಿ ಹಂತದಲ್ಲೂ ಒಂದಿಷ್ಟು ವೈರಸ್ ಕಳೆದುಹೋಗುತ್ತದೆ. ಆಮೇಲೆ ಪಿಸಿಆರ್, ಅಂದರೆ ವೈರಸ್ಸಿನ ವಂಶವಾಹಿಯನ್ನು ಹುಡುಕುವ ಪರೀಕ್ಷೆ. ನೀರಿನಲ್ಲಿ ಕೊಳೆತ ಎಲೆ, ಮಣ್ಣಿನ ಅಂಶ ಇದ್ದರೆ ಅದು ಪಿಸಿಆರನ್ನೇ ತಡೆಯುತ್ತದೆ, ವೈರಸ್ ಇದ್ದರೂ ಇಲ್ಲ ಅಂತ ಬರುತ್ತದೆ. ಪಾಸಿಟಿವ್ ಬಂದರೂ ಆ ವೈರಸ್‌ಗೆ ಕಾಯಿಲೆ ತರುವ ಶಕ್ತಿ ಉಳಿದಿದೆಯಾ ಅಂತ ಪಿಸಿಆರ್ ಹೇಳುವುದಿಲ್ಲ. ಅದಕ್ಕೆ ಜೀವಕೋಶಗಳಲ್ಲಿ ಬೆಳೆಸಿ ನೋಡಬೇಕು, ದಿನಗಟ್ಟಲೆ, ಒಮ್ಮೊಮ್ಮೆ ವಾರಗಟ್ಟಲೆ ಹಿಡಿಯುತ್ತದೆ. ನೊರೊವೈರಸ್ ಅಂತೂ ಹಾಗೆ ಸುಲಭವಾಗಿ ಬೆಳೆಯುವುದೇ ಇಲ್ಲ.

ನನಗೆ ಭರವಸೆ ಇರುವುದು ಕೋಲಿಫೇಜ್ ಮೇಲೆ. ಇವು ಇ. ಕೋಲಿಯನ್ನೇ ತಿಂದು ಬೆಳೆಯುವ ವೈರಸ್‌ಗಳು, ನಮಗೇನೂ ಮಾಡಲ್ಲ, ಆದರೆ ನೀರಿನಲ್ಲಿ ಬಾಳುವ ರೀತಿ ಕರುಳಿನ ವೈರಸ್‌ಗಳಿಗೆ ಹತ್ತಿರ. ಇ. ಕೋಲಿ ಬೆಳೆಸುವ ಪ್ಲೇಟಿನಲ್ಲಿ ಈ ನೀರು ಹಾಕಿದರೆ, ಅವು ಇ. ಕೋಲಿಯನ್ನು ಕೊಂದ ಕಡೆ ಮರುದಿನಕ್ಕೆ ಬರಿಗಣ್ಣಿಗೇ ಚುಕ್ಕೆ ಕಾಣುತ್ತದೆ. ನಮ್ಮಂಥ ಸಣ್ಣ ಲ್ಯಾಬಿನಲ್ಲೂ ಮಾಡಬಹುದು. ಹುಣ್ಣಿಮೆಗೆ ನಮ್ಮ ಜಿಲ್ಲೆಯ ಹುಲಿಗೆಮ್ಮನ ಕ್ಷೇತ್ರ ಹುಲಿಗಿಯಲ್ಲಿ ಅಷ್ಟು ಜನ ತುಂಗಭದ್ರೆಯಲ್ಲಿ ಮುಳುಗೇಳುತ್ತಾರೆ. ಕರಾವಳಿಯಲ್ಲೂ ಇಲ್ಲೂ ಕೋಲಿಫಾರ್ಮ್ ಜೊತೆಗೆ ಇದೊಂದನ್ನೂ ಎಣಿಸಲೇಬೇಕು ಅನ್ನುತ್ತೇನೆ ನಾನು.

ಆ ಅಪ್ಪನಿಗೆ ನಾನು ಹೇಳಿದ್ದು ಇಷ್ಟು. ಬಾಟಲಿ ಬಿಡಿ, ಡಾಕ್ಟರ್ ಬೇಕೆಂದರೆ ಮಕ್ಕಳ ಮಲ ಪರೀಕ್ಷೆ ಮಾಡಿಸಿ, ವೈರಸ್ ಇದ್ದರೆ ಅದರಲ್ಲಿ ರಾಶಿಗಟ್ಟಲೆ ಇರುತ್ತದೆ. ಓಆರ್‌ಎಸ್ ಕುಡಿಸುತ್ತಿರಿ. ಮುಂದೆ ಬೀಚಿಗೆ ಹೋದಾಗ ಚರಂಡಿ, ಹೊಳೆ ಬಂದು ಸೇರುವ ಕಡೆ ಇಳಿಸಬೇಡಿ, ಜೋರು ಮಳೆ ಬಂದ ಮರುದಿನವೂ ಬೇಡ. ಭೇದಿ ನಿಂತ ಮೇಲೂ ಎರಡು ವಾರದವರೆಗೆ ಮಲದಲ್ಲಿ ವೈರಸ್ ಹೋಗುತ್ತಿರಬಹುದು. "ಈ ಹುಣ್ಣಿಮೆಗೆ ಹುಲಿಗಿಗೆ ಹೋದರೂ ಮಕ್ಕಳನ್ನು ಹೊಳಿಗೆ ಇಳಿಸಬ್ಯಾಡ್ರಿ" ಅಂದೆ. ಅವರು ಬಾಟಲಿ ಎತ್ತಿಕೊಂಡು, "ಆಯ್ತ್ರಿ ಅಕ್ಕಾರ" ಅಂದರು.